ಬಿಚ್ಚದ ಹೊಲಿಗೆ

ನೆರಳು ಎತ್ತಿದ ತೊಂಬತ್ತನೆಯ ವರ್ಷ, ಮೂರನೆಯ ಬೇಸಿಗೆ, ಅಮಾವಾಸ್ಯೆಯ ಮರುದಿನ

ನಿಂಬೆವ್ವಾಯಿಗೆ,

ಮೇಲಿನ ತಾರೀಖನ್ನು ನಿನ್ನ ಪಂಚಾಂಗದಲ್ಲಿ ಹುಡುಕಬೇಡ, ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಬೇಸಿಗೆ ಮೂರು. ಮಳೆಗಾಲ ಮನಸ್ಸು ಮಾಡಿದರೆ ಒಂದು. ನಾನು ತಂಗೆವ್ವ, ನಿನ್ನ ಮರಿಮಗಳ ಮರಿಮಗಳು. ಈ ಕಾಗದ ನಿನ್ನ ಕಾಲಕ್ಕೆ ಹೇಗೆ ಮುಟ್ಟುತ್ತದೋ ತಿಳಿಯದು. ಕಥೆಗಳಲ್ಲಾದರೆ ಗಿಳಿ ಒಯ್ಯುತ್ತದೆ. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಮನ್ನಿಸು. ನಿನ್ನನ್ನು ಬಹುವಚನದಲ್ಲೇ ಕರೆಯಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ಇವತ್ತು ಅದು ನನ್ನಿಂದಾಗದು. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಊರಿನ ಮೇಲೆಲ್ಲ ನಾವು ದೊಡ್ಡ ಬಟ್ಟೆಯ ನೆರಳು ಕಟ್ಟಿಕೊಂಡಿದ್ದೇವೆ. ಅದನ್ನು ಎತ್ತಿ ನಿಲ್ಲಿಸಿದ ದಿನದಿಂದಲೇ ನಮ್ಮ ವರ್ಷದ ಲೆಕ್ಕ. ಬೇಸಿಗೆಯ ಹಗಲನ್ನು ನೆಲಮನೆಯಲ್ಲಿ ಕಳೆಯುತ್ತೇವೆ. ನೆಲಮನೆಯೆಂದರೆ ನೀವು ಜೋಳ ತುಂಬುತ್ತಿದ್ದ ಹಗೇವಿನಂಥದೇ. ಈಗ ಅದರಲ್ಲಿ ಜೋಳದ ಬದಲು ಜನ. ಮೇಲೆ ಹೆಂಚಿನಂತೆ ಕಾದ ನೆಲ, ಒಳಗೆ ಹಲ್ಲು ಕಟಕಟ ಎನ್ನುವ ತಂಪು. ಹಾಗಾಗಿ ಕೌದಿಯಿಲ್ಲದೆ ನಮಗೆ ನಿದ್ದೆಯಿಲ್ಲ. ಹುಟ್ಟಿದ ಕೂಸಿಗೆ ಮನೆಯ ಹುಡುಗಿಯೊಬ್ಬಳು ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿದುಕೊಡಬೇಕು, ಅದು ನಮ್ಮಲ್ಲಿನ ರೂಢಿ. ನಮ್ಮ ಮನೆಯಲ್ಲಿ ಹುಡುಗಿಯ ಕೈಗೆ ಸೂಜಿ ಬರುವ ಮೊದಲು ಕಿವಿಗೆ ನಿನ್ನ ಹೆಸರು ಬರುತ್ತಿತ್ತು.

ನನ್ನ ಅವ್ವ ನನ್ನ ಹೊಲಿಗೆಯನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದಳು: “ನಿಂಬೆವ್ವಾಯಿ ಹಾಕಿದ ಹೊಲಿಗಿ ಮ್ಯಾಲೆ ಇರಿವಿ ಬಿಟ್ರ ದಾರಿ ತಪ್ಪತಿರಲಿಲ್ಲಂತ. ನಿಂದು ನೋಡು, ಎತ್ತು ಉಚ್ಚಿ ಹೊಯ್ಕೋತ ಹೋದಂಗ ಐತಿ. ಬಿಚ್ಚು.”

ಬಿಚ್ಚುತ್ತಿದ್ದೆ. ಮತ್ತೆ ಹೊಲಿಯುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದೆ. ಬಿಚ್ಚಿದ ಹೊಲಿಗೆ ಸುಮ್ಮನೆ ಹೋಗುವುದಿಲ್ಲ ಆಯಿ, ಬಟ್ಟೆಯಲ್ಲಿ ತೂತು ಬಿಟ್ಟು ಹೋಗುತ್ತದೆ. ಕಡೆಗೆ ಬಟ್ಟೆಯೇ ಜರಡಿಯಾಗುತ್ತದೆ. ನನ್ನ ಕೈಯಲ್ಲಿ ಒಂದು ಕೌದಿಯೂ ಮುಗಿಯಲಿಲ್ಲ. ನನ್ನ ಮಗಳು ನೆರೆಮನೆಯವರು ಕೊಟ್ಟ ಕೌದಿಯಲ್ಲಿ ಬೆಳೆದಳು. “ನಿಮ್ಮದು ನಿಂಬೆವ್ವನ ಮನಿತನ, ನಮ್ಮ ಕೌದಿ ಚುಚ್ಚೂದಿಲ್ಲೇನ?” ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊಲಿಗೆಯಷ್ಟೇ ಅಲ್ಲ, ಹಾಡು ಅರ್ಧಕ್ಕೆ ನಿಲ್ಲಿಸಿದೆ, ರೊಟ್ಟಿ ದುಂಡಗಾಗಲಿಲ್ಲವೆಂದು ಬಂದವರನ್ನು ಹಸಿವಿನಲ್ಲೇ ಕೂರಿಸಿದೆ. ತಲೆಯಲ್ಲಿ ಯಾವಾಗಲೂ ಆ ಇರುವೆ, ನೆಟ್ಟಗೆ ನಡೆಯುವ ನಿನ್ನ ಇರುವೆ.

ಹೋದ ವಾರ ಅವ್ವ ತೀರಿಕೊಂಡಳು. ಮನೆಯ ಹಿರಿಯಳು ಹೋದಾಗ ಆಕೆಯ ಸೀರೆಯನ್ನು ನಿನ್ನ ಕಾಲದಿಂದ ಬಂದ ಹಿರೇಕೌದಿಯೊಳಗೆ ಸೇರಿಸಬೇಕು. ಮಗಳೊಬ್ಬಳೇ ಕದ ಹಾಕಿಕೊಂಡು ಒಂದು ಬದಿ ಬಿಚ್ಚಿ, ಸೀರೆ ಇಟ್ಟು, ಮತ್ತೆ ಹೊಲಿದುಬಿಡಬೇಕು. ಕಂಡದ್ದನ್ನು ಯಾರಿಗೂ ಹೇಳಕೂಡದು. ಏಕೆ ಹೇಳಕೂಡದೆಂದು ನಾನು ಕೇಳಿರಲಿಲ್ಲ. ಬಿಚ್ಚಿದೆ. ಮೊದಲು ಅಜ್ಜಿಯ ಸೀರೆ, ಅದರ ಕೆಳಗೆ ಅವಳ ಅವ್ವನದು. ಎಲ್ಲಕ್ಕೂ ಒಳಗೆ, ಪ್ರತಿ ಕಥೆಯಲ್ಲೂ ಬರುವ ನಿನ್ನ ಆ ಹಸಿರು ಇಳಕಲ್ ಸೀರೆ, ನೀನೇ ಹೊಲಿದದ್ದು.

ಆಯಿ, ನಿನ್ನ ಹೊಲಿಗೆ ಮೇಕೆ ಮೇಯಲು ಹೋದ ದಾರಿಯಂತಿದೆ. ಒಂದು ಕಡೆ ಗೇಣುದ್ದ, ಒಂದು ಕಡೆ ಅಕ್ಕಿಕಾಳಿನಷ್ಟು. ಮೂಲೆಗೆ ಬಂದು ದಾರಿ ತಪ್ಪಿ ಹಿಂದಕ್ಕೆ ತಿರುಗಿದೆ. ನಾನು ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕಿದೆ. ಒಂದೂ ಇಲ್ಲ. ನೀನು ಒಮ್ಮೆಯೂ ಬಿಚ್ಚಿರಲಿಲ್ಲ.

ಹಾಗಾದರೆ ಅಜ್ಜಿ ತನ್ನ ಅವ್ವನ ಸೀರೆ ಇಡುವಾಗ ಇದನ್ನು ನೋಡಿದ್ದಳು. ಅಜ್ಜಿ ತೀರಿಕೊಂಡಾಗ ನನ್ನ ಅವ್ವನೂ ನೋಡಿದ್ದಳು. ಆಗ ನಾನಿನ್ನೂ ಚಿಕ್ಕವಳು, ಕದದ ಹೊರಗೆ ಕೂತು ಬಿಚ್ಚುತ್ತಿದ್ದೆ. ಅವ್ವ ಹೊರಗೆ ಬಂದು, ಕಣ್ಣೊರೆಸಿಕೊಂಡು, ನನ್ನ ಬಟ್ಟೆ ಎತ್ತಿ ನೋಡಿ ಮತ್ತೆ ಅದೇ ಇರುವೆಯ ಮಾತು ಹೇಳಿದಳು. ಅಂದು ಅವಳ ಕೈಗೆ ನಿನ್ನ ಹಸಿರು ಸೀರೆಯ ಎಳೆ ಅಂಟಿತ್ತು. ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಮೊಮ್ಮಗಳು ಮುಗಿಲವ್ವ ತಮ್ಮನಿಗಾಗಿ ಕೌದಿ ಹಿಡಿದಿದ್ದಾಳೆ. ಹೆಸರಿಟ್ಟು ತಿಂಗಳಾದರೂ ಕೂಸಿಗೆ ಕೌದಿಯಿಲ್ಲ, ಎರವಲು ಬಟ್ಟೆಯಲ್ಲಿ ನಡುಗುತ್ತ ಮಲಗುತ್ತದೆ. ಅವಳ ಬಟ್ಟೆಯೂ ಜರಡಿಯಾಗುತ್ತ ಬಂದಿದೆ. ನನ್ನ ಅವ್ವನನ್ನು ಮುಗಿಲವ್ವ ದೊಡ್ಡಾಯಿ ಎನ್ನುತ್ತಿದ್ದಳು. ದೊಡ್ಡಾಯಿ ಸಾಯುವ ಹಿಂದಿನ ದಿನವೂ ಅವಳಿಗೆ ಬಿಚ್ಚು ಎಂದಿದ್ದಳು.

ನಾನು ಕದ ತೆಗೆದು ಮುಗಿಲವ್ವನನ್ನು ಒಳಗೆ ಕರೆದೆ.

“ಇದನ್ನ ಯಾರ ಹೊಲದಾರ, ಆಯಿ? ನನಗಿಂತ ಕೆಟ್ಟ ಐತಿ!”

“ನಿಂಬೆವ್ವಾಯಿ.”

ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಆ ಮುಖ ಸಣ್ಣದಾಯಿತು. “ಮತ್ತ ದೊಡ್ಡಾಯಿ ನನಗ ಯಾಕ ಬಿಚ್ಚಂತಿದ್ಲು?”

ಆ ಪ್ರಶ್ನೆಯನ್ನೇ ನಿನಗೆ ಕಳಿಸುತ್ತಿದ್ದೇನೆ. ಈ ಸುಳ್ಳನ್ನು ನೀನೇ ಹೇಳಿದೆಯೋ, ನಿನ್ನ ಮಗಳು ಪ್ರೀತಿಯಿಂದ ಕಟ್ಟಿದಳೋ, ತಿಳಿಯದು. ನಿನ್ನ ಹೊಲಿಗೆ ಸೊಟ್ಟಗಿದೆಯೆಂದು ನನಗೆ ಸಿಟ್ಟಿಲ್ಲ. ಇಷ್ಟು ತಲೆಮಾರು ಬೆಚ್ಚಗಿಟ್ಟಿದೆ, ಇನ್ನೇನು ಬೇಕು? ಅದನ್ನು ಮುಚ್ಚಿಟ್ಟು ನಮ್ಮ ಕೈಯಿಂದ ಬಿಚ್ಚಿಸಿದಿರಲ್ಲ, ಅದಕ್ಕೆ ಸಿಟ್ಟು. ಅದನ್ನು ಮರೆತಿದ್ದೇನೆ ಎಂದು ಬರೆದರೆ ಅದೂ ಒಂದು ಸುಳ್ಳಾದೀತು.

ಈಗ ನೀನು ನನ್ನ ಮಗಳ ವಯಸ್ಸಿನವಳಿರಬಹುದು. ಆ ಹಸಿರು ಸೀರೆ ಇನ್ನೂ ನಿನ್ನ ಮೈಮೇಲೆ ಇರಬಹುದು. ಮುಂದೊಂದು ದಿನ ಅದನ್ನು ಮಡಚಿ ಹೊಲಿಯಲು ಕೂತಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೋ. ಇದು ಯಾರ ಸೊಟ್ಟ ಹೊಲಿಗೆ ಎಂದು ಅವಳು ಕೇಳಿದರೆ, ನನ್ನದೇ ಅನ್ನು. ನಾನು ಬೇಡುವುದು ಇಷ್ಟೇ.

ಅವ್ವನ ಸೀರೆ ಒಳಗಿಟ್ಟಾಯಿತು. ಹಿರೇಕೌದಿಯ ಬದಿಯನ್ನು ಮುಗಿಲವ್ವನೇ ಹೊಲಿಯುತ್ತಿದ್ದಾಳೆ. ಇದು ಮುಗಿದ ಮೇಲೆ ತಮ್ಮನದಂತೆ. ಒಂದೊಂದು ಹೊಲಿಗೆ ಹಾಕಿ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ. ದಾರ ಈಗಾಗಲೇ ಎತ್ತಿನ ದಾರಿ ಹಿಡಿದಿದೆ. ನಿನ್ನ ಮನೆಯಲ್ಲೇ ಬೆಳೆದವಳಲ್ಲವೇ ನಾನು, ಬಿಚ್ಚು ಎನ್ನುವ ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿದೆ. ಅದಕ್ಕೇ ಪೆನ್ನು ಹಿಡಿದು, ತಲೆ ತಗ್ಗಿಸಿ, ಅವಳು ಮೂಲೆ ಮುಟ್ಟುವವರೆಗೂ ನಿನಗೆ ಬರೆಯುತ್ತಲೇ ಇದ್ದೇನೆ.

ತಂಗೆವ್ವ