ಕೆಳಗಿನ ಗುಂಡಿಯಿಂದ

ಅಕ್ಕಾ,

ನೀನು ತೀರಿಕೊಂಡು ನಾಲ್ಕು ತಿಂಗಳಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ನಾನೇ ಅಂಗಿ ಹಾಕಿಕೊಂಡೆ. ಆರು ಗುಂಡಿಗೆ ಅರ್ಧ ಗಂಟೆ ಹಿಡಿಯಿತು. ಇಪ್ಪತ್ತು ವರ್ಷ ಊರಿನವರಿಗೆಲ್ಲ ಅಂಗಿ ಹೊಲಿದವನ ಪಾಡು ನೋಡು.

ಈ ಪುನರ್ವಸತಿ ಕೇಂದ್ರದ ಥೆರಪಿಸ್ಟ್ ಹುಡುಗಿ ಕೈಕಟ್ಟಿಕೊಂಡು ಎದುರಿಗೇ ಕೂತಿದ್ದಳು. "ನೀವು ಕೇಳೋವರೆಗೂ ನಾನು ಮುಟ್ಟಲ್ಲ" ಅನ್ನುವುದು ಅವಳ ನಿಯಮ. ಎರಡು ಸಲ ಮೇಲಿನಿಂದ ಶುರು ಮಾಡಿದೆ. ಎರಡು ಸಲವೂ ಕೊನೆಗೊಂದು ಗುಂಡಿ ಉಳಿಯಿತು. ತಲೆಗೆ ಪೆಟ್ಟು ಬಿದ್ದ ಮೇಲೆ ಬಲಗೈ ನನ್ನ ಮಾತು ಕೇಳುವುದಿಲ್ಲ, ನಿನಗೆ ಗೊತ್ತಲ್ಲ.

ಆಗ ನಿನ್ನ ಮಾತು ನೆನಪಾಯಿತು: "ಕೆಳಗಿಂದ ಹಾಕ್ಕೊಳೋ, ಅಂಚು ಕಣ್ಣಿಗೆ ಕಾಣತ್ತೆ, ತಪ್ಪಲ್ಲ." ಅವತ್ತು ನೀನು ನನಗೆ ಅಂಗಿ ತೊಡಿಸುತ್ತಿದ್ದಾಗ ನಿನ್ನ ಕೈ ತಳ್ಳಿ, "ಟೈಲರ್‌ಗೇ ಗುಂಡಿ ಹಾಕೋದು ಕಲಿಸ್ತೀಯಾ?" ಅಂದಿದ್ದೆ. ನೀನು ಉಳಿದ ಗುಂಡಿಗಳನ್ನು ಹಾಕಿ ಎದ್ದು ಹೋಗಿದ್ದೆ.

ಇವತ್ತು ಕೆಳಗಿನಿಂದ ಹಾಕಿದೆ. ಸರಿಯಾಗಿ ಬಂತು.

"ಈ ಉಪಾಯ ಯಾರು ಹೇಳಿಕೊಟ್ರು?" ಅಂತ ಆ ಹುಡುಗಿ ಕೇಳಿದಳು.

"ನನ್ನ ಕಸುಬೇ ಅದಲ್ವಾ," ಅಂದುಬಿಟ್ಟೆ.

ಆಗಿನಿಂದ ಕತ್ತಿನ ಗುಂಡಿ ಬಿಗಿಯುತ್ತಿದೆ, ಅಕ್ಕಾ. ಬಿಚ್ಚಲು ಮನಸ್ಸಾಗುತ್ತಿಲ್ಲ.