ಕಂಪ್ಯೂಟರ್ ಕಡಿದ ಜೋಳದ ರೊಟ್ಟಿ

ಹೈದರಾಬಾದ್, ಸೋಮವಾರ

ಅವ್ವಾ, ಜೈ ಭೀಮ್.

ನನ್ನ ಸೊಟ್ಟ ದವಡೆಯನ್ನು ಡಾಕ್ಟರು ಮೊದಲು ಕಂಪ್ಯೂಟರಿನಲ್ಲೇ ಕೊಯ್ದು, ನೇರ ಮಾಡಿ, ಲೋಹದ ಪಟ್ಟಿ ಜೋಡಿಸಿ, ಅದರೊಳಗೇ ಅನ್ನ ಅಗಿಸಿ ನೋಡಿದರು. ಪಟ್ಟಿ ಮುರಿಯದೆ ತಾಳಿಕೊಂಡಿತು.

“ನಮ್ಮ ನ್ಯಾಲ್ಕಲ್‌ದಾಗ ಕಡಕ್ ಜೋಳದ ರೊಟ್ಟಿ ತಿಂತೀವ್ರಿ. ನಮ್ಮಂಥವರ ಬಾಯಿ ನಿಮ್ಮ ಯಂತ್ರಕ್ಕ ಗೊತ್ತಿಲ್ಲೇನ್ರಿ?” ಎಂದು ಕೇಳಿದೆ.

ಡಾಕ್ಟರು ಬೀದರಿನವರು, ನಮ್ಮ ಮಾತೇ ಆಡುತ್ತಾರೆ. “ದವಡಿ ಸೊಟ್ಟಿದ್ರೂ ಬಾಯಿ ಭಾಳ ಜೋರದ ನೋಡವಾ,” ಎಂದು ನಕ್ಕು, ರೊಟ್ಟಿಗೆ ತಕ್ಕಂತೆ ಕಡಿಯುವ ಬಲ ಏರಿಸಿದರು. ಪರದೆಯ ಮೇಲೆ ಪಟ್ಟಿ ಕೆಂಪಾಗಿ ಮುರಿದೇ ಹೋಯಿತು! ನನ್ನ ಬಾಯಲ್ಲಿ ಮುರಿದಿದ್ದರೆ ಮತ್ತೊಮ್ಮೆ ಕೊಯ್ಯಬೇಕಿತ್ತಂತೆ. ಈಗ ದಪ್ಪ ಪಟ್ಟಿ ಹಾಕುತ್ತಾರೆ, ಗುರುವಾರ ಆಪರೇಷನ್. ಖರ್ಚು ಸರ್ಕಾರದ್ದೇ. ಎರಡು ತಿಂಗಳು ಗಂಜಿ ಮಾತ್ರ.

ನಿನ್ನ ರೊಟ್ಟಿ ಗಟ್ಟಿ ಎಂದರೆ ನನ್ನ ಬೆನ್ನಿಗೆ ಗುದ್ದುತ್ತಿದ್ದೆಯಲ್ಲ, ಈಗ ಕಂಪ್ಯೂಟರೂ ಅದನ್ನೇ ಹೇಳುತ್ತಿದೆ. ಅದಕ್ಕೇನು ಮಾಡುತ್ತೀ?

ನಿನ್ನ ಧಮ್ಮಶೀಲಾ