ಸಾಂಬಾ ಬಿಡಿಸಿದ ಕೈ

ಜೂನ್ 22, ಭಾನುವಾರ. ರೆಸಿಫೆ.

ಒಂದೇ ಹಾಡಿನಲ್ಲಿ ಇಡೀ ಬ್ರೆಜಿಲ್ ಇರಬೇಕು ಎನ್ನುವುದು ನಮ್ಮ ವಾದ್ಯತಂಡದ ಘನ ಸಿದ್ಧಾಂತ. ಫೊಹೊದಲ್ಲಿ ಶುರು, ನಡುವೆ ಸಾಂಬಾ, ಕೊನೆಗೆ ನಮ್ಮೂರಿನ ಡೋಲುಗಳ ಮಾರಾಕಾಟು. ಇವತ್ತು ಈ ಸಿದ್ಧಾಂತಕ್ಕೆ ನಮ್ಮ ಜುಲ್ಮೀರಾ ಚಿಕ್ಕಮ್ಮ ಬಲಿಯಾಗುತ್ತಿದ್ದಳು.

ಬೇಕರಿಯ ಅನಾಕ್ಲೇಟೊ ಇಷ್ಟು ವರ್ಷ ಅವಳಿಗೆ ಬಿಸಿ ಬನ್ನು ಕಟ್ಟಿಕೊಟ್ಟನೇ ಹೊರತು ಬಾಯಿ ಬಿಟ್ಟವನಲ್ಲ. ಸಂಜೆ ಬೀದಿ ಕುಣಿತದಲ್ಲಿ ನಾವು ಫೊಹೊ ಶುರುಮಾಡಿದ್ದೇ ಬಂದು ಅವಳತ್ತ ಕೈ ಚಾಚಿದ. ಅದು ಅಪ್ಪಿಕೊಂಡೇ ಕುಣಿಯುವ ಕುಣಿತ. ಚಿಕ್ಕಪ್ಪ ಹೋದಮೇಲೆ ಯಾರ ಜತೆಗೂ ಕುಣಿಯದ ಚಿಕ್ಕಮ್ಮ ಅವನ ಭುಜಕ್ಕೆ ಕೆನ್ನೆಯಿಟ್ಟಳು. ಆಗಲೇ ನಮ್ಮ ನಾಯಕ ಒಟಾಸಿಲಿಯೊ ಕಣ್ಸನ್ನೆ ಮಾಡಿದ, ನನ್ನ ಅಕಾರ್ಡಿಯನ್ ಹೊರಳಿತು. ಸಾಂಬಾ! ಅದನ್ನು ಒಬ್ಬೊಬ್ಬರೇ ಕುಣಿಯಬೇಕು. ಇಬ್ಬರೂ ಕೈಬಿಟ್ಟು, ಬಸ್ಸು ತಪ್ಪಿದವರ ಹಾಗೆ ನಿಂತರು.

"ಏ ಹಾಳಾದವ್ನೇ, ಅವನು ಹಿಡ್ಕೊಳ್ಳೋಕೆ ಇಷ್ಟು ವರ್ಷ ತಗೊಂಡ, ನೀನು ಒಂದು ಗಳಿಗೇಲಿ ಬಿಡಿಸ್ಬಿಟ್ಯಲ್ಲೋ!" ಎಂದು ಚಿಕ್ಕಮ್ಮ ನನ್ನತ್ತ ಕೂಗಿದಳು.

ನಾನು ಅಕಾರ್ಡಿಯನ್ನನ್ನು ಮತ್ತೆ ಫೊಹೊಗೇ ತಿರುಗಿಸಿದೆ.

"ಈಗ ಮಾರಾಕಾಟು ಕಣೋ!" ಎಂದು ಒಟಾಸಿಲಿಯೊ ಹಲ್ಲು ಕಡಿದ.

"ಬ್ರೆಜಿಲ್ ಎಲ್ಲಿಗೂ ಓಡಿಹೋಗಲ್ಲ ಅಣ್ಣಾ. ಅನಾಕ್ಲೇಟೊ ಓಡಿಹೋಗ್ತಾನೆ."

ಆಮೇಲೆ ಆ ಫೊಹೊ ನಿಲ್ಲಿಸಲು ಚಿಕ್ಕಮ್ಮ ಬಿಡಲಿಲ್ಲ. ನನ್ನ ತೋಳು ಬಿದ್ದುಹೋಗಿದೆ. ಇಷ್ಟು ರಾತ್ರಿಯಾದರೂ ಅವಳಿನ್ನೂ ಮನೆಗೆ ಬಂದಿಲ್ಲ. ಬಾಗಿಲಿಗೆ ಚಿಲಕ ಹಾಕಲೋ ಬೇಡವೋ...